ಬಾಯ್ಸ್ ಗುಂಡು

ಬಾಯಲ್ಲಿ ಬ್ರಷ್ ಕಚ್ಚಿಕೊಂಡು ಎಡಗೈಯಲ್ಲಿ ಮೆಸೇಜ್ ಟೈಪ್ ಮಾಡಬಾರದು ಎಂಬುದು ಗಿರಿಧರನಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಶನಿವಾರ ಬೆಳಿಗ್ಗೆ ಆರು ಮುಕ್ಕಾಲಿಗೆ ತಿಳಿಯಿತು. ಅವನು ಟೈಪ್ ಮಾಡಿದ್ದು ಇಷ್ಟೇ:

‘ಬಾಯ್ಸ್ ಗುಂಡು ಸಿಕ್ತು. 1940ರ ಮಾಲು. ಇವತ್ತೇ ಡೈಮಂಡ್ ಬಾರ್‌ಗೆ ಹೋಗಿ ತರ್ತೀನಿ. ರೇಖಾಗೆ ಗೊತ್ತಾಗಬಾರದು.’

ಇದು ಹೋಗಬೇಕಾಗಿದ್ದದ್ದು ಪೊಮೊನಾದ ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಗೆಳೆಯ ಶ್ರೀಕರ್‌ಗೆ. ಫೋನಿನಲ್ಲಿ ಶ್ರೀಕರನ ಹೆಸರು ಎಲ್ಲಕ್ಕಿಂತ ಮೇಲೇ ಇತ್ತು. ಆದರೆ ಅದನ್ನು ತೆರೆಯಲೆಂದು ಗಿರಿಧರನ ಹೆಬ್ಬೆರಳು ಗಾಜಿಗೆ ತಾಗುವ ಆ ಒಂದು ಕ್ಷಣಕ್ಕೆ ಸರಿಯಾಗಿ ಯಾರೋ ಪುಣ್ಯಾತ್ಮರು ಕನ್ನಡ ಬಳಗದ ಗ್ರೂಪಿಗೆ ಸೂರ್ಯ ಹುಟ್ಟುತ್ತಿರುವ ಚಿತ್ರ ಹಾಕಿ ‘ಶುಭೋದಯ’ ಎಂದರು. ಗ್ರೂಪು ಚಂಗನೆ ಮೇಲಕ್ಕೆ ಹಾರಿತು, ಶ್ರೀಕರ್ ಒಂದು ಮೆಟ್ಟಿಲು ಕೆಳಗಿಳಿದ. ಮೆಸೇಜು ಸ್ಯಾನ್ ಡಿಯಾಗೋದ ಇನ್ನೂರ ಹನ್ನೆರಡು ಕನ್ನಡಿಗರಿಗೆ ಹೋಯಿತು.

ಹತ್ತು ಸೆಕೆಂಡಿನಲ್ಲಿ ಗಿರಿಧರನಿಗೆ ಗೊತ್ತಾಯಿತು. ಗೊತ್ತಾದ ಗಾಬರಿಗೆ ಬಾಯಲ್ಲಿದ್ದ ಪೇಸ್ಟಿನ ನೊರೆ ಫೋನಿನ ಮೇಲೆ ಬಿತ್ತು. ನೊರೆ ಒರೆಸುತ್ತಲೇ ಡಿಲೀಟ್ ಒತ್ತಿದ. ಎಲ್ಲರ ಫೋನಿನಿಂದ ಅಳಿಸಬೇಕೋ, ನಿನ್ನ ಫೋನಿನಿಂದ ಮಾತ್ರ ಅಳಿಸಬೇಕೋ ಎಂದು ಅದು ಕೇಳಿತು. ನೊರೆಯ ಅಡಿಯಲ್ಲಿ ಯಾವುದು ಯಾವುದೆಂದು ಕಾಣಲಿಲ್ಲ. ಒಂದನ್ನು ಒತ್ತಿದ. ಮೆಸೇಜು ಅವನ ಕಣ್ಣೆದುರಿನಿಂದ ಮಾಯವಾಯಿತು. ಅವನ ಒಬ್ಬನ ಕಣ್ಣೆದುರಿನಿಂದ ಮಾತ್ರ. ಗಿರಿಧರ್ ನಿಟ್ಟುಸಿರು ಬಿಟ್ಟು ಬಾಯಿ ಮುಕ್ಕಳಿಸಿದ.

ಈ ಮನುಷ್ಯನಿಗೆ ಕುಡಿತದ ವಾಸನೆಯೇ ಆಗದು. ಕೆಮ್ಮಿನ ಔಷಧ ಕೊಳ್ಳುವಾಗಲೂ ಬಾಟಲಿ ತಿರುಗಿಸಿ, ಸಣ್ಣಕ್ಷರ ಪೂರ್ತಿ ಓದಿ, ಆಲ್ಕೊಹಾಲ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವವನು. ಅವನ ಚಟವೇ ಬೇರೆ. ಟ್ಯಾಂಕು ಒಡೆಯುವುದಕ್ಕೆಂದು ಹಿಂದೆ ಮಾಡುತ್ತಿದ್ದ ದೈತ್ಯ ಬಂದೂಕುಗಳಿದ್ದವಲ್ಲ, ಅವುಗಳ ಗುಂಡು ಸೇರಿಸುವುದು ಅವನ ಹವ್ಯಾಸ. ಆಳುದ್ದದ ಬಂದೂಕು ಅವು. ಸಿಪಾಯಿ ನೆಲದ ಮೇಲೆ ಬೋರಲು ಮಲಗಿ ಹೊಡೆಯಬೇಕಿತ್ತು. ಸೈನ್ಯದವರು ಅವನ್ನು ಕಷ್ಟಪಟ್ಟು ತಯಾರಿಸಿ ಹಂಚುವಷ್ಟರಲ್ಲಿ ಆ ಕಡೆಯವರು ಟ್ಯಾಂಕಿನ ತಗಡನ್ನು ಎರಡು ಬೆರಳು ದಪ್ಪ ಮಾಡಿದರು. ಅಲ್ಲಿಗೆ ಬಂದೂಕುಗಳೆಲ್ಲ ದಂಡ. ಊರೊಳಗಿನ ಕರ್ನಿ ಮೆಸಾ ಬಡಾವಣೆಯ ಆಫೀಸಿನಲ್ಲಿ ಕುಳಿತು, ಹಳೇ ಫೋನುಗಳು ಹೊಸ ಟವರುಗಳ ಜೊತೆ ಇನ್ನೂ ಮಾತಾಡುತ್ತವೆಯೇ ಎಂದು ಪರೀಕ್ಷಿಸುವುದೇ ಕೆಲಸವಾಗಿದ್ದ ಗಿರಿಧರನಿಗೆ, ಬಳಕೆಗೆ ಬಂದ ನಾಲ್ಕೇ ವರ್ಷಕ್ಕೆ ಯಾರಿಗೂ ಬೇಡವಾದ ವಸ್ತುಗಳೆಂದರೆ ಕರುಳು ಚುರುಕ್ ಎನ್ನುತ್ತಿತ್ತು.

ಬಂದೂಕನ್ನೇ ಇಟ್ಟುಕೊಳ್ಳಲು ಕ್ಯಾಲಿಫೋರ್ನಿಯಾದ ಕಾನೂನು ಬಿಡುವುದಿಲ್ಲ. ಹಾಗಾಗಿ ಗುಂಡು ಮಾತ್ರ. ಅದೂ ಮದ್ದು ತೆಗೆದ, ಸತ್ತ ಗುಂಡು. ಜರ್ಮನಿಯವು ಎರಡು, ರಷ್ಯಾ, ಪೋಲೆಂಡ್, ಫಿನ್ಲೆಂಡ್, ಜಪಾನಿನದು ಒಂದೊಂದು, ಒಟ್ಟು ಆರು ಗುಂಡುಗಳು ಗ್ಯಾರೇಜಿನಲ್ಲಿ ಹಳೆಯ ಮಿಠಾಯಿ ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿದ್ದವು. ಇಲ್ಲದ್ದು ಬ್ರಿಟಿಷರದೊಂದೇ. ಅದರ ಬಂದೂಕಿಗೆ ಬಾಯ್ಸ್ ಎಂಬ ಕ್ಯಾಪ್ಟನ್ನನ ಹೆಸರಿಟ್ಟಿದ್ದರು. ಅದಕ್ಕೇ ಬಾಯ್ಸ್ ಗುಂಡು. ಮೂರು ವರ್ಷದಿಂದ ಹುಡುಕುತ್ತಿದ್ದ. ಡೈಮಂಡ್ ಬಾರ್ ಊರಿನ ಒಂದು ಮನೆಯಲ್ಲಿ ತೀರಿಹೋದ ಯಜಮಾನರ ಸಾಮಾನು ಮಾರುತ್ತಿದ್ದಾರೆ, ಅದರಲ್ಲಿ ಇದೂ ಇದೆ ಎಂದು ಶ್ರೀಕರ್ ಬೆಳಿಗ್ಗೆ ಎದ್ದವನೇ ಫೋಟೋ ಕಳಿಸಿದ್ದ. ಫೋಟೋದಲ್ಲಿ ಗುಂಡಿನ ಇಸವಿ ನೋಡಿದ ಸಂಭ್ರಮಕ್ಕೇ ಗಿರಿಧರ್ ಬಾಯಿ ತೊಳೆಯುವವರೆಗೂ ಕಾಯದೆ ಅವನಿಗೆ ಉತ್ತರ ಬರೆದದ್ದು.

ತೊಡಕು ಇದ್ದದ್ದು ರೇಖಾಳ ಕಡೆಯಿಂದ. ಆರನೆಯ ಗುಂಡು ಬಂದ ದಿನ ಅವಳು, “ಇದೇ ಕೊನೆ ಕಣ್ರೀ. ಏಳನೇದು ಬಂದ್ರೆ ನಾನು ಗ್ಯಾರೇಜಿಗೆ ಹೋಗ್ತೀನಿ, ನೀವು ನಿಮ್ಮ ಗುಂಡುಗಳ ಜೊತೆ ಬೆಡ್‌ರೂಮಲ್ಲಿರಿ” ಎಂದಿದ್ದಳು. ಗಿರಿಧರ್ ಒಪ್ಪಿ ಮಾತು ಕೊಟ್ಟಿದ್ದ.

“ಶ್ರೀಕರನ ಮನೆ ವೈಫೈ ಕೆಟ್ಟಿದೆಯಂತೆ, ನೋಡಿ ಬರ್ತೀನಿ” ಎಂದು ಹೇಳಿ ಅವನು ಏಳೂಕಾಲಿಗೆ ಹೊರಬಂದಾಗ ಕಾರಿನ ಪಕ್ಕದಲ್ಲಿ ಉದಯಶಂಕರ ಅಂಕಲ್ ನಿಂತಿದ್ದರು. ಪಕ್ಕದ ಮನೆಯವರು, ಟೆಲಿಕಾಂ ಕಂಪನಿಯೊಂದರಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಇಸ್ತ್ರಿ ಮಾಡಿದ ಅಂಗಿ, ಗಾಲ್ಫ್ ಟೋಪಿ, ಮುಖದ ತುಂಬಾ ಹಬ್ಬ.

“ಡೈಮಂಡ್ ಬಾರ್ ಕಡೆ ಹೊರಟಿದ್ದೀಯಂತೆ. ನಾನೂ ಬರ್ತೀನಿ ಕಣಪ್ಪಾ. ಅಲ್ಲಿ ನಮ್ಮ ಸೋದರತ್ತೆ ಮಗ ಒಬ್ಬ ಇದ್ದಾನೆ.”

“ನಾನು ಅಲ್ಲಿಗೆ ಹೋಗ್ತಿದ್ದೀನಿ ಅಂತ ಯಾರು ಹೇಳಿದ್ರು ಅಂಕಲ್?”

“ಹೊರಡು ಹೊರಡು, ಅನಸೂಯ ಎದ್ದುಬಿಡ್ತಾಳೆ” ಎಂದು ಹೆಂಡತಿ ಮಲಗಿದ್ದ ತಮ್ಮ ಮನೆಯ ಕಡೆ ಕಣ್ಣು ಹಾಯಿಸಿ ಅಂಕಲ್ ಒಳಗೆ ಕುಳಿತು ಬೆಲ್ಟ್ ಹಾಕಿಕೊಂಡೇ ಬಿಟ್ಟರು.

ದಾರಿಯಲ್ಲಿ ಸಿಗುವ ಟೆಮೆಕ್ಯುಲ ಊರು ದಾಟುವವರೆಗೂ ಅವರು ಮಂಡಿ ನೋವು, ಪೆಟ್ರೋಲ್ ಬೆಲೆ, ಇಂಥ ವಿಷಯಗಳಲ್ಲೇ ಇದ್ದರು. ಆಮೇಲೆ, ಕಾರಿನಲ್ಲಿ ಇಬ್ಬರೇ ಇದ್ದರೂ, ದನಿ ತಗ್ಗಿಸಿದರು.

“ಗಿರಿ, ನಲವತ್ತರದ್ದು ಅಂದ್ರೆ ನಿಜವಾಗ್ಲೂ ನಲವತ್ತರದ್ದೇನಾ?”

ಗಿರಿಧರನಿಗೆ ಹೊಳೆಯಿತು. ಅಳಿಸುವ ಮುಂಚಿನ ಆ ಹತ್ತು ಸೆಕೆಂಡಿನಲ್ಲಿ ಇವರೊಬ್ಬರು ಓದಿಬಿಟ್ಟಿದ್ದಾರೆ. ಮರುಕ್ಷಣವೇ ಅವನಿಗೆ ಬೇರೆ ಯೋಚನೆ ಬಂತು. ಗುಂಡಿಗಾಗಿ ನೂರು ಮೈಲಿ ಬರಲು ತಯಾರಿರುವ ಮನುಷ್ಯ ಆರು ವರ್ಷದಿಂದ ಪಕ್ಕದ ಮನೆಯಲ್ಲೇ ಇದ್ದರೂ ತನಗೆ ತಿಳಿದಿರಲಿಲ್ಲವಲ್ಲ. ಎದೆ ತುಂಬಿ ಬಂತು.

“ತಳದಲ್ಲಿ ಇಸವಿ ಕೊರೆದಿರ್ತಾರೆ ಅಂಕಲ್. ಫೋಟೋದಲ್ಲಿ ನೋಡಿದ್ದೀನಿ.”

“ತಳದಲ್ಲಿ ಕೊರೆದಿರ್ತಾರಾ? ಹಿಂದಿನವರ ಕೆಲಸ ಅಂದ್ರೆ ಕೆಲಸ. ಎಷ್ಟಿದೆ?”

“ಒಂದೇ ಒಂದು.”

“ದೊಡ್ಡದಾ?”

“ಅಂಗೈ ಮೇಲೆ ಇಟ್ರೆ ಬೆರಳ ಹತ್ರ ಬರತ್ತೆ.”

“ಓ, ಕ್ವಾರ್ಟರು” ಎಂದು ಅಂಕಲ್ ಸ್ವಲ್ಪ ಸಪ್ಪಗಾದರು.

“ಆದ್ರೆ ಖಾಲಿ ಅಂಕಲ್. ಒಳಗೆ ಏನೂ ಇರಲ್ಲ.”

“ಖಾಲಿ ತಗೊಂಡು ಏನ್ ಮಾಡ್ತೀಯಪ್ಪಾ?”

“ಇಟ್ಕೊಂಡು ನೋಡೋದು. ತುಂಬಿರೋದು ಮನೇಲಿದ್ರೆ ನಂಗೆ ನಿದ್ದೆ ಬರಲ್ಲ.”

“ಅದು ನಿಜ. ತುಂಬಿರೋದು ಮನೇಲಿದ್ರೆ ನಂಗೂ ಬರ್ತಿರ್ಲಿಲ್ಲ” ಎಂದು ಅಂಕಲ್ ಹಳೆಯದನ್ನು ನೆನೆದು ಕಿಟಕಿಯಾಚೆ ನೋಡಿದರು. ಎರಡು ವರ್ಷದ ಹಿಂದೆ ಡಾಕ್ಟರ ರಿಪೋರ್ಟು ಬಂದ ದಿನದಿಂದ ಅನಸೂಯ ಆಂಟಿ ಅವರ ಬಾಟಲಿಗಳನ್ನೆಲ್ಲ ಮನೆಯಿಂದ ಎತ್ತಂಗಡಿ ಮಾಡಿಸಿದ್ದರು. ಅಂಕಲ್ ಮತ್ತೆ ಇತ್ತ ತಿರುಗಿ ಕೇಳಿದರು, “ಆಗಿನ ಕಾಲದಲ್ಲಿ ಹೊಡೆದೋರು ಏನಂತಿದ್ರಂತೆ?”

“ಒಂದು ಹೊಡೆದ್ರೆ ಭುಜ ಕಳಚಿಬಿದ್ದ ಹಾಗಾಗ್ತಿತ್ತಂತೆ. ಎರಡು ದಿನ ಕಿವಿ ಗುಂಯ್ ಅಂತಿತ್ತಂತೆ. ಎರಡನೇದು ಬೇಡಪ್ಪಾ ಅಂತ ಎದ್ದು ಹೋಗ್ತಿದ್ದವರೂ ಇದ್ರಂತೆ.”

“ಅಷ್ಟು ಸ್ಟ್ರಾಂಗಾ?”

“ಟ್ಯಾಂಕೇ ತೂತು ಬೀಳ್ತಿತ್ತು ಅಂಕಲ್.”

ಅಂಕಲ್ ಬಗ್ಗಿ ತಮ್ಮ ಹೊಟ್ಟೆ ನೋಡಿಕೊಂಡರು. “ನಂಗೆ ಮೊದಲೇ ಅಲ್ಸರ್ ಇದೆ” ಎಂದು ಮೆಲ್ಲಗೆ ಹೇಳಿದರು. ಹಾಗೆಂದು ವಾಪಸು ಹೋಗೋಣ ಎನ್ನಲಿಲ್ಲ.

ಡೈಮಂಡ್ ಬಾರ್‌ನ ಗುಡ್ಡದ ಮೇಲಿನ ಆ ಮನೆಯಲ್ಲಿ ಹುಲ್ಲಿನ ಟೋಪಿ ಹಾಕಿದ ಅಜ್ಜಿಯೊಬ್ಬರು ಗ್ಯಾರೇಜಿನ ಬಾಗಿಲು ತೆರೆದು ಕುಳಿತಿದ್ದರು. ಗಿರಿಧರ್ ಸೀದಾ ಪಾನಾ, ಸ್ಕ್ರೂಡ್ರೈವರುಗಳ ಮೇಜಿಗೆ ಹೋದ. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ, ತುಕ್ಕು ಹಿಡಿದ ನಟ್ಟು ಬೋಲ್ಟುಗಳ ನಡುವೆ ಅದು ಮಲಗಿತ್ತು. ಏಲಕ್ಕಿ ಕುಟ್ಟುವ ಕುಟ್ಟಾಣಿಯಷ್ಟು ಭಾರ, ಬುಡದಲ್ಲಿ ಉಡಿದಾರ ಕಟ್ಟಿದ ಹಾಗೆ ಹಿತ್ತಾಳೆಯ ಪಟ್ಟಿ, ಎಂಬತ್ತು ವರ್ಷದ ಗಾಳಿಗೆ ಬೆಲ್ಲದ ಬಣ್ಣಕ್ಕೆ ತಿರುಗಿದ ಮೈ. ಮದ್ದಿಗೆ ಕಿಡಿ ಹೊತ್ತಿಸುವ ತಳದ ಕ್ಯಾಪು ಹಿಂದೆಂದೋ ಸಿಡಿದು ಸತ್ತಿತ್ತು. ಒಳಗಿನ ಮದ್ದು ಖಾಲಿ. ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿ, ಅಜ್ಜಿ ಕೇಳಿದಷ್ಟು ಕೊಟ್ಟು, ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಮೂರು ವರ್ಷದ ಹುಡುಕಾಟ ಮುಗಿದಿತ್ತು.

ಅಷ್ಟರಲ್ಲಿ ಗಾಜಿನ ಸಾಮಾನಿನ ಮೇಜುಗಳನ್ನೆಲ್ಲ ಜಾಲಾಡಿಸಿ ಅಂಕಲ್ ಬಂದರು. “ಸಿಕ್ತಾ?”

ಗಿರಿಧರ್ ಕರವಸ್ತ್ರ ಬಿಚ್ಚಿದ.

“ಇದೇನು?”

“ಗುಂಡು.”

ಅಂಕಲ್ ಅದನ್ನು ನೋಡಿದರು, ಅವನನ್ನು ನೋಡಿದರು. “ಅಲ್ಲಪ್ಪಾ, ಇದು ಗುಂಡು.”

“ಹೌದು ಅಂಕಲ್, ಗುಂಡೇ.”

“ಗುಂಡು ಅಂದ್ರೆ ಗುಂಡಾ?”

“ಮತ್ತೇನು?”

ಉದಯಶಂಕರ ಅಂಕಲ್ ಮಾರಾಟಕ್ಕಿಟ್ಟಿದ್ದ ಮಡಿಸುವ ಕುರ್ಚಿಯೊಂದರಲ್ಲಿ ನಿಧಾನವಾಗಿ ಕುಳಿತರು. ಜೇಬಿನಿಂದ ಫೋನು ತೆಗೆದು, ಬಳಗದ ಗ್ರೂಪು ತೆರೆದು ಗಿರಿಧರನ ಕೈಗೆ ಕೊಟ್ಟರು.

ಅವನ ಮೆಸೇಜು ಅಲ್ಲೇ ಇತ್ತು. ಅದರ ಕೆಳಗೆ ಅರವತ್ತಮೂರು ಉತ್ತರ. ಅವನ ಸ್ವಂತ ಫೋನು ಕಾರಿನಲ್ಲಿ ದಾರಿ ತೋರಿಸುತ್ತಾ ಕುಳಿತಿದ್ದರಿಂದ ಇದ್ಯಾವುದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ಉತ್ತರ ಆಫೀಸಿನ ರಾಜೀವನದು: ‘ಗಿರಿ ಸರ್, ಬಾಯ್ಸ್ ಅಂದ್ರೆ ನಾವೂ ಸೇರಿದ್ವಿ ತಾನೇ?’ ಯಾರೋ ಮೂರು ಗ್ಲಾಸಿನ ಚಿತ್ರ ಹಾಕಿದ್ದರು. ಇನ್ಯಾರೋ ‘ಡೈಮಂಡ್ ಬಾರ್ ಅಂದ್ರೆ ಊರು ಕಣ್ರಯ್ಯಾ, ಬಾರ್ ಅಲ್ಲ’ ಎಂದರೆ, ಅದಕ್ಕೆ ಮತ್ತೊಬ್ಬರು ‘ಊರಲ್ಲೂ ಬಾರ್ ಇರತ್ತೆ’ ಎಂದಿದ್ದರು. ಡಾಕ್ಟರೊಬ್ಬರು ಲಿವರಿನ ಬಗ್ಗೆ ಉದ್ದನೆಯ ಪ್ರಬಂಧ ಬರೆದಿದ್ದರು. ಕೊನೆಯದು ಬಳಗದ ಕನ್ನಡ ಶಾಲೆ ನಡೆಸುವ ಆರತಿಯವರದು. ಗಿರಿಧರ್ ಪ್ರತಿ ಭಾನುವಾರ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುವುದು ಅವರ ಶಾಲೆಯಲ್ಲೇ. ‘ನಾನು ರೇಖಾ ಮನೆಗೆ ಹೋಗ್ತಿದ್ದೀನಿ. ದಯವಿಟ್ಟು ಈ ವಿಷಯ ಇಲ್ಲಿ ಮಾತಾಡಬೇಡಿ.’ ಅದಾದ ಮೇಲೆ ಇಡೀ ಗ್ರೂಪು ಸ್ಮಶಾನದಂತೆ ಸುಮ್ಮನಾಗಿತ್ತು.

“ನೀವೂ ಹೀಗೇ ಅಂದ್ಕೊಂಡ್ರಾ ಅಂಕಲ್?”

“ಬಾಯ್ಸ್ ಆದ್ಮೇಲೆ ಒಂದು ಕಾಮಾ ಇದೆ ಅಂದ್ಕೊಂಡೆ ಕಣಪ್ಪಾ. ಎಲ್ಲರೂ ಹಾಗೇ ಓದ್ಕೊಂಡಿದ್ದಾರೆ.”

ಗಿರಿಧರ್ ಕಾರಿಗೆ ಓಡಿ ತನ್ನ ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅದು ಬಡಿದುಕೊಂಡಿತು. ರೇಖಾ.

“ಎಲ್ಲಾ ಗೊತ್ತಾಯ್ತು ರೀ” ಎಂದಳು. ದನಿಯಲ್ಲಿ ಸಿಟ್ಟಿದೆಯೋ ಅಳುವಿದೆಯೋ ತಿಳಿಯಲಿಲ್ಲ. “ಫೋನಲ್ಲಿ ಬೇಡ. ಅನಸೂಯ ಆಂಟಿ, ಆರತಿ, ರಾಜೀವ್ ಎಲ್ಲಾ ಬಂದು ಕೂತಿದ್ದಾರೆ. ಇನ್ನೂ ಜನ ಬರ್ತಿದ್ದಾರೆ. ಸಿಕ್ತಾ?”

“ಹೂಂ.”

“ತಗೊಂಡೇ ಬನ್ನಿ. ಎಲ್ಲರೂ ನೋಡ್ಲಿ” ಎಂದು ಇಟ್ಟುಬಿಟ್ಟಳು.

ವಾಪಸು ಬರುವಾಗ ಕರೋನಾ ಊರಿನ ಟ್ರಾಫಿಕ್ಕಿನಲ್ಲಿ ಕಾರು ಇರುವೆಯಂತೆ ತೆವಳುತ್ತಿತ್ತು. ಗಿರಿಧರನ ತಲೆ ಮಾತ್ರ ಓಡುತ್ತಿತ್ತು. “ನಿಜ ಹೇಳಿಬಿಡ್ತೀನಿ ಅಂಕಲ್. ಇದು ಗುಂಡು, ಆ ಗುಂಡಲ್ಲ ಅಂತ.”

ಅಂಕಲ್ ಲೋಕ ಕಂಡವರು. “ಯೋಚನೆ ಮಾಡು. ಏಳನೇದು ತರಲ್ಲ ಅಂತ ಹೆಂಡ್ತಿಗೆ ಮಾತು ಕೊಟ್ಟಿದ್ದೀಯ. ಅದು ಒಂದು. ಅಲ್ಲಿ ಕೂತಿರೋರೆಲ್ಲ ನಿನ್ನ ಹತ್ರ ಅ ಆ ಇ ಈ ಕಲಿಯೋ ಮಕ್ಕಳ ಅಪ್ಪ ಅಮ್ಮಂದಿರು. ಕುಡಿದೆ ಅಂದ್ರೆ ನಾಲ್ಕು ದಿನ ಬಯ್ತಾರೆ, ಐದನೇ ದಿನ ಅಯ್ಯೋ ಪಾಪ ಅಂತ ಸಾರು ತಂದುಕೊಡ್ತಾರೆ. ಟ್ಯಾಂಕ್ ಒಡೆಯೋ ಗುಂಡು ಅಂದ್ರೆ? ಯಾರಾದ್ರೂ ಪೊಲೀಸಿಗೆ ಫೋನ್ ಮಾಡ್ತಾರೆ. ಈ ದೇಶದಲ್ಲಿ ಗುಂಡು ಅಂದ್ರೆ ಗುಂಡು ಅಂತ ಹೇಳೋದಕ್ಕಿಂತ, ಗುಂಡು ಅಂದ್ರೆ ಗುಂಡು ಅಂತ ಹೇಳೋದೇ ವಾಸಿ.”

ಗಿರಿಧರ್ ಆ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡ. ಸರಿಯೆನಿಸಿತು. “ಆದ್ರೆ ತಂದದ್ದನ್ನ ಎಲ್ಲರಿಗೂ ತೋರಿಸು ಅಂತ ರೇಖಾ ಹೇಳಿದ್ದಾಳೆ.”

“ತೋರಿಸಿದರಾಯ್ತು” ಎಂದರು ಅಂಕಲ್. ಅವರ ಮುಖದಲ್ಲಿ ಬೆಳಗಿನ ಹಬ್ಬದ ಕಳೆ ಮೆಲ್ಲಗೆ ವಾಪಸಾಯಿತು. “ಟೆಮೆಕ್ಯುಲದಲ್ಲಿ ನಿಲ್ಲಿಸು.”

ಅಂಗಡಿಯಲ್ಲಿ ಅಂಕಲ್ ಮದುವೆಗೆ ಸೀರೆ ಆರಿಸುವವರಂತೆ ಬಾಟಲಿ ಆರಿಸಿದರು. ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಇಟ್ಟು, ಮತ್ತೆ ಎತ್ತಿ, ಕೊನೆಗೆ ಒಂದು ಸ್ಕಾಚ್ ಗಿರಿಧರನ ಕೈಗಿಟ್ಟರು.

“ನಲವತ್ತರದ್ದು ಅಂತ ಬರೆದಿದ್ದೀನಲ್ಲ ಅಂಕಲ್, ಅದಕ್ಕೇನು ಮಾಡೋದು?”

“ಇಲ್ಲಿ ನೋಡು, ಶೇಕಡಾ ನಲವತ್ತು ಅಂತ ಅವರೇ ಬರೆದಿದ್ದಾರೆ. ಹಿಂದಿನ ಸಾವಿರದ ಒಂಬೈನೂರು ಯಾರು ಕೇಳ್ತಾರೆ.”

ಮನೆಯ ಬೀದಿಗೆ ಬಂದಾಗ ಹನ್ನೆರಡೂವರೆ. ಗಿರಿಧರನ ಮನೆ ಮುಂದೆ ಎಂಟು ಕಾರುಗಳು ನಿಂತಿದ್ದವು. ಯಾರಾದರೂ ಜೇಬು ತಡಕಿದರೆ ಏನು ಗತಿ ಎಂದು ಅವನು ಕರವಸ್ತ್ರದ ಗಂಟನ್ನು ಅಂಕಲ್ ಕೈಗಿತ್ತ. “ಸೋಮವಾರದವರೆಗೆ ನಿಮ್ಮ ಹತ್ರ ಇರ್ಲಿ. ಏನೇ ಆದ್ರೂ ಯಾರಿಗೂ ಹೇಳಬೇಡಿ.”

“ಕತ್ತು ಹಿಸುಕಿದ್ರೂ ಹೇಳಲ್ಲ” ಎಂದು ಅಂಕಲ್ ತಮ್ಮ ಗ್ಯಾರೇಜಿಗೆ ನುಗ್ಗಿ, ಗಾಲ್ಫ್ ಚೀಲದ ತಳದಲ್ಲಿ, ಒಂದು ಕಾಲುಚೀಲದೊಳಗೆ ಅದನ್ನು ತುರುಕಿದರು. ಅಲ್ಲೇ ಬಾಟಲಿಯ ಮುಚ್ಚಳ ತೆರೆದರು. “ಬಾಯಿ ವಾಸನೆ ಇಲ್ದೆ ಯಾರು ನಂಬ್ತಾರೆ? ಒಂದು ಗುಟುಕು ಹಾಕು.”

“ಸಾಧ್ಯವೇ ಇಲ್ಲ ಅಂಕಲ್.”

“ಹಾಗಾದ್ರೆ ಹಚ್ಕೋ” ಎಂದು ಅಂಕಲ್ ಸ್ವಲ್ಪ ಸ್ಕಾಚನ್ನು ಅಂಗೈಗೆ ಸುರಿದುಕೊಂಡು, ಅವನ ಕಿವಿಯ ಹಿಂದೆ, ಕಾಲರಿಗೆ, ಮೀಸೆಗೆ ಮದುವೆ ಮನೆಯ ಅತ್ತರಿನಂತೆ ಸವರಿದರು. ಅಂಗೈಯಲ್ಲಿ ಉಳಿದದ್ದನ್ನು ಚೆಲ್ಲಬಾರದೆಂದು ತಾವೇ ನೆಕ್ಕಿದರು.

ಹಾಲಿನಲ್ಲಿ ಇಪ್ಪತ್ತು ಜನ. ಗಿರಿಧರ್ ಒಳಗೆ ಕಾಲಿಟ್ಟದ್ದೇ ಮಾತು ನಿಂತಿತು. ಎಲ್ಲರೂ ಅವನ ಕೈ ನೋಡಿದರು. ಅವನು ನೆಲ ನೋಡಿದ. ನಡುವೆ ಟೀಪಾಯಿಯ ಮೇಲೆ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆಯೊಂದಿತ್ತು. ಬುದ್ಧಿ ಹೇಳಿ ಮುಗಿಸಿದ ಮೇಲೆ ತಿನ್ನಲು ಲಾಡು ಮಾಡಿಟ್ಟಿರಬೇಕು ಎಂದುಕೊಂಡ. ರೇಖಾ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳು ಏನೋ ಹೇಳಲು ಬಾಯಿ ತೆರೆದಳು. ಅವಳಿಗೆ ಅವಕಾಶ ಕೊಟ್ಟರೆ ತನ್ನ ಧೈರ್ಯ ಕುಸಿಯುತ್ತದೆಂದು ಗಿರಿಧರ್ ತಾನೇ ಶುರುಮಾಡಿದ.

“ಯಾರೂ ಏನೂ ಕೇಳಬೇಡಿ. ನಾನೇ ಹೇಳ್ತೀನಿ. ನಾನು ಕುಡೀತೀನಿ.”

ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಎರಡು ವರ್ಷದಿಂದ ಕುಡೀತಿದ್ದೀನಿ. ಗ್ಯಾರೇಜಿನಲ್ಲಿ ಕೂತು ಕುಡೀತೀನಿ. ರೇಖಾಗೆ ಗೊತ್ತಾಗದ ಹಾಗೆ ಕುಡೀತೀನಿ. ಇವತ್ತು ಹೋಗಿದ್ದೂ ಅದಕ್ಕೇ.” ಬಾಟಲಿಯನ್ನು ಟೀಪಾಯಿಯ ಮೇಲೆ ತಟ್ಟೆಯ ಪಕ್ಕದಲ್ಲಿಟ್ಟ. ಈಗ ಬೈಗುಳ ಬೀಳುತ್ತದೆಂದು ಕಣ್ಣು ಮುಚ್ಚಿ ಕಾದ.

ಯಾರೂ ಬೈಯಲಿಲ್ಲ. ಕಾಲೇಜಿಗೆ ಹೋಗುವ ಮಗಳು ನಿಕಿತಾ ಮಹಡಿಯ ಮೆಟ್ಟಿಲಿನಿಂದ ಇಳಿದು ಬಂದು, “ಡ್ಯಾಡ್, ದಟ್ ವಾಸ್ ಸೋ ಬ್ರೇವ್” ಎಂದು ಅವನನ್ನು ತಬ್ಬಿಕೊಂಡಳು. ಕೂಡಲೇ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

ರೇಖಾ ನಿಧಾನವಾಗಿ ಮುಂದೆ ಬಂದಳು. “ನಿಜ ಏನ್ರೀ?”

“ನಿಜ.”

“ಬೆಳಿಗ್ಗೆಯಿಂದ ಇವರೆಲ್ಲರಿಗೂ ನಾನು ಹೇಳ್ತಾ ಇದ್ದೀನಿ” ಎಂದಳು ರೇಖಾ. ಅವಳ ದನಿ ತೀರಾ ಸಣ್ಣದಾಗಿತ್ತು. “ನನ್ನ ಗಂಡ ಒಂದು ಹನಿ ಮುಟ್ಟೋರಲ್ಲ. ಅವರು ಗುಂಡು ಅಂದ್ರೆ ಬಂದೂಕಿನ ಗುಂಡು. ಬಾಯ್ಸ್ ಅನ್ನೋದು ಬ್ರಿಟಿಷರ ಬಂದೂಕು. ಮೂರು ವರ್ಷದಿಂದ ನಿದ್ದೇಲೂ ಅದನ್ನೇ ಕನವರಿಸ್ತಾರೆ. ಮನೆಗೆ ಬನ್ನಿ, ಉಳಿದಿದ್ದನ್ನೆಲ್ಲ ಕಣ್ಣಾರೆ ತೋರಿಸ್ತೀನಿ ಅಂತ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸಿದೆ.”

ಅವಳು ತಟ್ಟೆಯ ಮೇಲಿನ ಬಟ್ಟೆ ತೆಗೆದಳು.

ಲಾಡು ಇರಲಿಲ್ಲ. ಕೆಂಪು ರೇಷ್ಮೆ ಬಟ್ಟೆಯ ಮೇಲೆ ಆರು ಗುಂಡುಗಳು ಸಾಲಾಗಿ ನಿಂತಿದ್ದವು. ದೀಪಾವಳಿಗೆ ಬೆಳಗಿದ ದೀಪದ ಕಂಬಗಳಂತೆ ಫಳಫಳ ಹೊಳೆಯುತ್ತಿದ್ದವು. ಸಾಲಿನ ಕೊನೆಯಲ್ಲಿ ಏಳನೆಯದಕ್ಕೆಂದು ಜಾಗ ಬಿಟ್ಟು, ಅಲ್ಲೊಂದು ಗುಲಾಬಿ ಹೂವಿಟ್ಟಿದ್ದಳು.

“ಹುಣಸೆಹಣ್ಣು ಹಾಕಿ ಒಂದು ಗಂಟೆ ತಿಕ್ಕಿದೆ” ಎಂದಳು.

ಗಿರಿಧರನ ಕಣ್ಣಲ್ಲಿ ನೀರು ತುಂಬಿತು. ಆ ಎಂಬತ್ತು, ನೂರು ವರ್ಷದ ಬೆಲ್ಲದ ಬಣ್ಣಕ್ಕೇ ಸಂಗ್ರಹಕಾರರ ಲೋಕದಲ್ಲಿ ಮರ್ಯಾದೆ. ಅದು ಸಿಂಕಿನಲ್ಲಿ ಹರಿದುಹೋಗಿತ್ತು. ಅಳುವುದು ಯಾವುದಕ್ಕೆ ಮೊದಲು ಎಂದು ಅವನಿಗೆ ತಿಳಿಯಲಿಲ್ಲ. ಸುತ್ತಲಿನವರು ಅದನ್ನು ಪಶ್ಚಾತ್ತಾಪವೆಂದುಕೊಂಡರು. ಆರತಿ ಒಂದು ಟಿಶ್ಯೂ ಕೊಟ್ಟರು.

“ರೇಖಾ, ನಾನು ಸುಳ್ಳು ಹೇಳಿದೆ” ಎಂದು ಅವನು ತೊದಲಿದ. “ನಾನು ಕುಡಿಯೋದೇ ಇಲ್ಲ. ಗುಂಡು ನಿಜವಾಗ್ಲೂ ತಂದಿದ್ದೀನಿ. ಬಾಯ್ಸ್ ಗುಂಡು. ಈ ಬಾಟಲಿ ದಾರೀಲಿ ತಗೊಂಡಿದ್ದು, ನಿಮಗೆಲ್ಲ ತೋರಿಸೋಕೆ.”

“ಪಾಪ, ತಲೆ ನಿಲ್ತಿಲ್ಲ” ಎಂದರು ಯಾರೋ.

“ಎಲ್ಲಿದೆ ಆ ಗುಂಡು?” ಎಂದು ಆರತಿ ಕೇಳಿದರು, ಮಕ್ಕಳಿಗೆ ಹೋಂವರ್ಕ್ ಎಲ್ಲಿ ಎಂದು ಕೇಳುವ ದನಿಯಲ್ಲಿ.

ಗಿರಿಧರ್ ಕೈ ಎತ್ತಿ ಬಾಗಿಲ ಬಳಿ ನಿಂತಿದ್ದ ಉದಯಶಂಕರ ಅಂಕಲ್ ಕಡೆ ತೋರಿಸಿದ. “ಅಂಕಲ್ ಮನೇಲಿದೆ.”

ಸೋಫಾದಲ್ಲಿ ಕುಳಿತಿದ್ದ ಅನಸೂಯ ಆಂಟಿ ತಲೆ ತಿರುಗಿಸಿದರು, ಟ್ಯಾಂಕಿನ ತೋಪು ತಿರುಗಿದ ಹಾಗೆ, ನಿಧಾನವಾಗಿ. “ನಮ್ಮನೇಲಾ? ದೇವರ ಮಂಟಪ ಇರೋ ಮನೇಲಿ ಗುಂಡು? ಕುಡಿಯೋ ಗುಂಡಾಗ್ಲಿ, ಹೊಡೆಯೋ ಗುಂಡಾಗ್ಲಿ, ನಮ್ಮ ಹೊಸ್ತಿಲು ದಾಟಿದ್ರೆ ನಾನು ಇವತ್ತೇ ಮಗಳ ಮನೆಗೆ ಹೋಗ್ತೀನಿ. ಏನ್ರೀ, ಇವನು ಹೇಳ್ತಿರೋದು ಹೌದಾ?”

ಅಂಕಲ್ ಟೋಪಿ ತೆಗೆದರು, ಹಾಕಿಕೊಂಡರು. ಗಿರಿಧರ್ ಕಣ್ಣಲ್ಲೇ ಕೈ ಮುಗಿದ. ಅಂಕಲ್ ಅವನಿಗೆ ಮಾತ್ರ ಕಾಣುವಂತೆ, ನಾನಿದ್ದೀನಿ ಬಿಡು ಎಂಬಂತೆ ಕಣ್ಣು ಮಿಟುಕಿಸಿ ಹೇಳಿದರು, “ಗುಂಡಾ? ನಾನಂತೂ ಯಾವ ಗುಂಡೂ ಕಾಣಲಿಲ್ಲಪ್ಪಾ. ಬಾಟಲಿ ನೋಡಿದೆ. ಪಾಪ, ಹೋಗ್ತಾ ಬರ್ತಾ ಪೂರ್ತಿ ಅದೇ ಮಾತು. ಖಾಲಿಯಾದ್ರೂ ಪರವಾಗಿಲ್ಲ, ಇಟ್ಕೊಂಡು ನೋಡ್ತೀನಿ ಅಂತಿದ್ದ.”

ಹಾಲಿನ ತುಂಬ ಅಯ್ಯೋ ಎಂಬ ಉಸಿರು ಹರಿಯಿತು.

ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ಆಯಿತು. ನಾಳೆಯಿಂದ ಅಕ್ಷರದ ಕ್ಲಾಸನ್ನು ತಾವೇ ತೆಗೆದುಕೊಳ್ಳುವುದಾಗಿ ಆರತಿ ಹೇಳಿದರು. ಲಿವರಿನ ಡಾಕ್ಟರು ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ಕೊಟ್ಟರು. ರಾಜೀವ್ ಮಾತ್ರ ಬಾಟಲಿಯ ಲೇಬಲ್ ಓದಿ, “ಸರ್, ಒಳ್ಳೇ ಸೆಲೆಕ್ಷನ್” ಎಂದು ಕಿವಿಯಲ್ಲಿ ಹೇಳಿಹೋದ. ಬಾಟಲಿಯನ್ನು ಸಿಂಕಿಗೆ ಸುರಿಯಬೇಕೆಂದು ಅನಸೂಯ ಆಂಟಿ ಹೊರಟಾಗ ಅಂಕಲ್ ತಡೆದರು. “ಪೈಪ್ ಹಾಳಾಗತ್ತೆ ಕಣೇ. ಊರಾಚೆ ಕೆಮಿಕಲ್ ತಗೊಳ್ಳೋ ಜಾಗ ಇದೆ. ನಾನೇ ಒಯ್ದು ವಿಲೇವಾರಿ ಮಾಡ್ತೀನಿ, ಪಾಪ ಇವರಿಗ್ಯಾಕೆ ತೊಂದರೆ.” ಅಷ್ಟು ಜವಾಬ್ದಾರಿಯುತ ಗಂಡನನ್ನು ಆಂಟಿ ಮೆಚ್ಚುಗೆಯಿಂದ ನೋಡಿದರು.

ಎಲ್ಲರೂ ಹೋದ ಮೇಲೆ ರೇಖಾ ಗುಲಾಬಿ ಹೂವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. “ಏಳಲ್ಲ, ಎಪ್ಪತ್ತು ಗುಂಡು ತಂದಿದ್ರೂ ಸಹಿಸ್ಕೊಳ್ತಿದ್ದೆ ರೀ” ಎಂದಷ್ಟೇ ಹೇಳಿ, ದಿಂಬು ತೆಗೆದುಕೊಂಡು ಮಗಳ ಕೋಣೆಗೆ ಹೋದಳು.

ಸಂಜೆ ಆರಕ್ಕೆ ಗಿರಿಧರ್ ಗ್ಯಾರೇಜಿನಲ್ಲಿ ಹೊಳೆಯುವ ಆರು ಗುಂಡುಗಳ ಎದುರು ಕುಳಿತಿದ್ದಾಗ ಫೋನು ಬಂತು. ಅಂಕಲ್. ಪಿಸುದನಿ.

“ಗಿರಿ, ಅನಸೂಯ ವಾಕಿಂಗ್ ಹೋಗಿದ್ದಾಳೆ. ಅದಕ್ಕೇ ಮಾಡ್ದೆ. ನೀನೇನೂ ಯೋಚನೆ ಮಾಡ್ಬೇಡ. ನಿನ್ನ ಗುಂಡು ನಮ್ಮನೇಲಿ ಭದ್ರವಾಗಿದೆ.”

“ಯಾವ ಗುಂಡು ಅಂಕಲ್?”

“ಎರಡೂ” ಎಂದರು ಅಂಕಲ್. ಆ ಕಡೆಯಿಂದ ತೃಪ್ತಿಯ ಸಣ್ಣ ತೇಗೊಂದು ಕೇಳಿಸಿತು. “ಒಂದು ಮಾತ್ರ ಅರ್ಧಕ್ಕೆ ಬಂದಿದೆ.”